ಕಡಲ ಡಾಲ್ಫಿನ್, ಹೆದ್ದಾರಿಯ ಹೆಜ್ಜೇನು: ಒಂದು ಹೋಲಿಕೆ

ಸಿಂಗಸಂದ್ರ: ಹೊಸೂರು ರಸ್ತೆಯ ಇಕ್ಕೆಲಗಳ ವಸತಿ ಸಮುಚ್ಚಯಗಳಲ್ಲಿ ಎರಡು ಪ್ರಾಣಿಗಳನ್ನು ಕಾಣಬಹುದು. ಒಂದು ನೆಲಮಟ್ಟದಲ್ಲಿ, ಮಕ್ಕಳ ಈಜುಕೊಳದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ನಗುತ್ತಿರುವ ಡಾಲ್ಫಿನ್. ಇನ್ನೊಂದು ಬಹಳ ಮೇಲೆ, ನೀರಿನ ತೊಟ್ಟಿಯ ಅಡಿಯಲ್ಲೋ ಒಂಬತ್ತನೇ ಮಹಡಿಯ ಬಾಲ್ಕನಿಯ ಕೆಳಗೋ ಕಪ್ಪಗೆ ಜೋತುಬಿದ್ದಿರುವ ಹೆಜ್ಜೇನು. ಮೊದಲನೆಯದು ಚಿತ್ರ, ಎರಡನೆಯದು ಜೀವಂತ. ಚಿತ್ರ ಮಾಸಿದರೆ ಮತ್ತೆ ಬಣ್ಣ ಬಳಿಯಲಾಗುತ್ತದೆ. ಜೀವಂತವಾಗಿರುವುದರ ಮೇಲೆ ಕೀಟನಾಶಕ ಸಿಂಪಡಿಸಲಾಗುತ್ತದೆ.

ಈ ಎರಡನ್ನು ಹೋಲಿಸುವುದು ಮೊದಲ ನೋಟಕ್ಕೆ ಅಸಂಬದ್ಧವೆನಿಸಬಹುದು. ಒಂದು ಕಡಲ ಸಸ್ತನಿ, ಮತ್ತೊಂದು ಕೀಟ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಸಿಂಗಸಂದ್ರದವರಿಗೆ ಡಾಲ್ಫಿನ್ ನೋಡಬೇಕೆಂದರೆ ಘಟ್ಟ ಇಳಿದು ಕಾರವಾರಕ್ಕೋ ಮಂಗಳೂರಿಗೋ ಹೋಗಬೇಕು. ಹೆಜ್ಜೇನು ನೋಡಲು ಕತ್ತೆತ್ತಿದರೆ ಸಾಕು. ಆದರೆ ಉಸಿರು, ಬಿಸಿ, ಮಾತು, ನಿದ್ದೆ, ಸಂಸಾರ ಎಂಬ ಒಂದೊಂದು ವಿಷಯವನ್ನು ತೆಗೆದುಕೊಂಡು ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಒಂದನ್ನು ಮುದ್ದಿಸುವ, ಇನ್ನೊಂದನ್ನು ಒಂದು ದೂರವಾಣಿ ಕರೆಯಲ್ಲಿ ಮುಗಿಸಿಬಿಡುವ ನಮ್ಮ ರೂಢಿಗೆ ಎಷ್ಟು ಆಧಾರವಿದೆ ಎಂಬುದು ತಿಳಿಯುತ್ತದೆ.

ಯಾರಿವರು?

ಕರ್ನಾಟಕದ ಕರಾವಳಿಯಲ್ಲಿ ದಡಕ್ಕೆ ಸಮೀಪದಲ್ಲಿಯೇ ಕಾಣಸಿಗುವ ಡಾಲ್ಫಿನ್ ಎಂದರೆ ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ವೈಜ್ಞಾನಿಕ ಹೆಸರು ಸೌಸಾ ಪ್ಲಂಬಿಯಾ. ಸೀಸದ ಬಣ್ಣದ ಮೈ, ಬೆನ್ನಿನ ಈಜುರೆಕ್ಕೆಯ ಬುಡದಲ್ಲಿ ಉದ್ದನೆಯ ಗೂನು ಇದರ ಗುರುತು. ದಕ್ಷಿಣ ಆಫ್ರಿಕಾದಿಂದ ಭಾರತದವರೆಗಿನ ಕರಾವಳಿಗಳಲ್ಲಿ, ನದಿಗಳು ಕಡಲು ಸೇರುವ ಆಳವಿಲ್ಲದ ನೀರಿನಲ್ಲಿ ಇದರ ವಾಸ. ಕಾಳಿ ನದಿ ಕಡಲಿಗೆ ಸೇರುವ ಕಾರವಾರದ ಸುತ್ತಮುತ್ತ ಇವು ಗುಂಪಾಗಿ ಕಾಣಿಸಿಕೊಳ್ಳುತ್ತವೆ. ವಯಸ್ಕ ಡಾಲ್ಫಿನ್ ಸುಮಾರು 2.5 ಮೀಟರ್ ಉದ್ದವಿದ್ದು, 200 ಕೆ.ಜಿ. ದಾಟಿ ತೂಗಬಲ್ಲದು. ಇದನ್ನು ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ಗುರುತಿಸಿದ್ದು 2014ರಲ್ಲಿ.

ಇನ್ನು ಹೆಜ್ಜೇನು. ಹಿರಿದಾದ ದಾರಿ ಹೆದ್ದಾರಿಯಾದಂತೆ ಹಿರಿದಾದ ಜೇನು ಹೆಜ್ಜೇನಾಯಿತು. ನಮ್ಮ ನಾಡಿನ ತುಡುವೆ, ಕೋಲುಜೇನು, ಮುಜಂಟಿಗಳ ನಡುವೆ ಇದೇ ದೊಡ್ಡದು. ಡೆನ್ಮಾರ್ಕ್‌ನ ಕೀಟಶಾಸ್ತ್ರಜ್ಞ ಫ್ಯಾಬ್ರಿಷಿಯಸ್ 1793ರಲ್ಲಿ ಇದಕ್ಕೆ ಏಪಿಸ್ ಡೋರ್ಸೇಟಾ ಎಂಬ ಹೆಸರು ಕೊಟ್ಟ. ತುಡುವೆಯಂತೆ ಇದು ಪೊಟರೆಯಲ್ಲಿ ಅಡಗುವುದಿಲ್ಲ. ಪೆಟ್ಟಿಗೆಯಲ್ಲಿ ಸಾಕಲೂ ಒಗ್ಗುವುದಿಲ್ಲ. ಬಯಲಿನಲ್ಲಿ ಒಂದೇ ಒಂದು ದೊಡ್ಡ ಎರಿಯನ್ನು ಕಟ್ಟಿ, ಅದರ ಮೇಲೆ ತನ್ನ ಮೈಗಳದೇ ಪರದೆ ಹೊದಿಸುತ್ತದೆ. ಒಂದು ಗೂಡಿನಲ್ಲಿ ಹತ್ತಾರು ಸಾವಿರ ನೊಣಗಳಿರುತ್ತವೆ. ಒಂದು ನೊಣದ ತೂಕ ಒಂದು ಗ್ರಾಮಿನ ಎಂಟನೇ ಒಂದು ಭಾಗದಷ್ಟು. ಅಂದರೆ ಒಂದು ಡಾಲ್ಫಿನ್ ತೂಗಲು 16 ಲಕ್ಷದಷ್ಟು ಹೆಜ್ಜೇನುಗಳು ಬೇಕು.

ಬಂಡೆಯ ಕೊರಕಲು, ಎತ್ತರದ ಮರದ ಕೊಂಬೆ ಇದರ ಮೂಲ ನೆಲೆ. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರವು ನೂರಾರು ಹೆಜ್ಜೇನು ಗೂಡುಗಳಿಗೆ ಹೆಸರಾದದ್ದು. ಅಂಥ ಮರ ಇಲ್ಲದ ಕಡೆ, ಚಾಚಿಕೊಂಡ ಬಾಲ್ಕನಿಯಿರುವ ಹದಿನಾಲ್ಕು ಅಂತಸ್ತಿನ ಕಟ್ಟಡವೂ ಜೇನಿನ ಪಾಲಿಗೆ ಒಂದು ಬಂಡೆಯೇ. ಕರಡಿ ಹತ್ತಲಾರದು, ಮಳೆ ತಾಗದು, ಸುತ್ತ ಹೊಂಗೆ, ಹುಣಸೆ, ನೀಲಗಿರಿ ಹೂಗಳಿವೆ. ಇಷ್ಟು ಸಾಕು.

ಬೇರೆ ಬೇರೆ ಹಾದಿ

ಡಾಲ್ಫಿನ್ ಮತ್ತು ಜೇನುನೊಣಗಳಿಗೆ ಸಮಾನವಾದ ಪೂರ್ವಜ ಬದುಕಿದ್ದದ್ದು 50 ಕೋಟಿ ವರ್ಷಗಳಿಗೂ ಹಿಂದೆ. ಅಂದಿನಿಂದ ಇವೆರಡರ ಹಾದಿ ಬೇರೆ. ಆದರೆ ಎರಡೂ ನಡುವೆ ಒಮ್ಮೆ ತಮ್ಮ ವೃತ್ತಿಯನ್ನು ಬದಲಾಯಿಸಿಕೊಂಡಿವೆ ಎಂಬುದು ಗಮನಾರ್ಹ.

ಡಾಲ್ಫಿನ್‌ನ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲುಗಳಲ್ಲಿ ನಡೆದಾಡುತ್ತಿದ್ದ ಗೊರಸಿನ ಪ್ರಾಣಿಗಳು. ಸುಮಾರು 5 ಕೋಟಿ ವರ್ಷಗಳ ಹಿಂದೆ ಅವು ನೀರಿಗಿಳಿದವು. ಈ ಕಥೆಯ ಮೊದಲ ಅಧ್ಯಾಯ ನಡೆದದ್ದು ನಮ್ಮ ಉಪಖಂಡದಲ್ಲೇ. ಭೂವಿಜ್ಞಾನಿ ಎ. ರಂಗರಾವ್ ಅವರು ಕಾಶ್ಮೀರದ ಕಾಲಾಕೋಟ್‌ನಲ್ಲಿ ಸಂಗ್ರಹಿಸಿದ ಪಳೆಯುಳಿಕೆಗಳಲ್ಲಿ 'ಇಂಡೋಹಯಸ್' ಎಂಬ ಚಿಕ್ಕ ಪ್ರಾಣಿಯನ್ನು 1971ರಲ್ಲಿ ಗುರುತಿಸಿದ್ದರು. ಅದು ತಿಮಿಂಗಿಲ ಕುಲದ ಅತಿ ಸಮೀಪದ ನೆಲದ ಬಂಧು ಎಂಬುದು 2007ರಲ್ಲಿ ಪ್ರಕಟವಾದ ಅಧ್ಯಯನದಿಂದ ಬೆಳಕಿಗೆ ಬಂತು. ಇಂದಿಗೂ ಡಾಲ್ಫಿನ್‌ನ ಮುಂದಿನ ಈಜುರೆಕ್ಕೆಯೊಳಗೆ ಐದು ಬೆರಳುಗಳ ಮೂಳೆಗಳಿವೆ.

ಜೇನುನೊಣ ಕಣಜದ ಕುಲದಿಂದ ಬಂದದ್ದು. ಅದರ ಪೂರ್ವಜರು ಬೇರೆ ಹುಳುಗಳನ್ನು ಕೊಂದು ಮರಿಗಳಿಗೆ ಉಣಿಸುತ್ತಿದ್ದ ಬೇಟೆಗಾರರು. ಭೂಮಿಯ ಮೇಲೆ ಹೂಬಿಡುವ ಗಿಡಗಳು ಹರಡಿದ ಕಾಲದಲ್ಲಿ, 10 ಕೋಟಿ ವರ್ಷಗಳಿಗೂ ಹಿಂದೆ, ಅವು ಮಾಂಸ ಬಿಟ್ಟು ಪರಾಗ ಹಿಡಿದವು. ಒಂದು ನೆಲ ಬಿಟ್ಟು ಕಡಲು ಸೇರಿತು. ಇನ್ನೊಂದು ಬೇಟೆ ಬಿಟ್ಟು ಹೂವು ಸೇರಿತು.

ಉಸಿರು ಮತ್ತು ಬಿಸಿ

ಡಾಲ್ಫಿನ್‌ಗೆ ಮೀನಿನಂತೆ ಕಿವಿರುಗಳಿಲ್ಲ. ನೆತ್ತಿಯ ಮೇಲಿನ ಒಂದೇ ರಂಧ್ರದ ಮೂಲಕ ಗಾಳಿಯನ್ನು ಶ್ವಾಸಕೋಶಕ್ಕೆ ಎಳೆದುಕೊಳ್ಳುತ್ತದೆ. ನಮಗೆ ಉಸಿರಾಟ ತಾನಾಗಿ ನಡೆಯುವ ಕ್ರಿಯೆ. ಡಾಲ್ಫಿನ್‌ಗೆ ಪ್ರತಿಯೊಂದು ಉಸಿರೂ ಎಚ್ಚರದಿಂದ ಮಾಡಬೇಕಾದ ಕೆಲಸ. ಮೀನಿನ ಬಲೆಗೆ ಸಿಕ್ಕಿಕೊಂಡ ಡಾಲ್ಫಿನ್ ಸಾಯುವುದು ಮೇಲೆ ಬಂದು ಉಸಿರೆಳೆಯಲಾಗದ ಕಾರಣಕ್ಕೆ. ಕಡಲಿನಲ್ಲೇ ಹುಟ್ಟಿದ ಜೀವ ಕಡಲಿನಲ್ಲೇ ಉಸಿರುಕಟ್ಟಿ ಸಾಯುತ್ತದೆ.

ಹೆಜ್ಜೇನಿಗೆ ಶ್ವಾಸಕೋಶವೇ ಇಲ್ಲ. ಅದರ ಮೈಯ ಎರಡೂ ಬದಿಯಲ್ಲಿ ಹತ್ತು ಜೊತೆ ಸಣ್ಣ ರಂಧ್ರಗಳಿವೆ. ಅಲ್ಲಿಂದ ಒಳಹೊಕ್ಕ ಗಾಳಿ ಕವಲೊಡೆದ ಕೊಳವೆಗಳ ಮೂಲಕ ನೇರವಾಗಿ ಒಂದೊಂದು ಅಂಗಕ್ಕೂ ತಲಪುತ್ತದೆ. ಆಮ್ಲಜನಕ ಹೊರುವ ಕೆಲಸ ಅದರ ರಕ್ತಕ್ಕಿಲ್ಲ. ಡಾಲ್ಫಿನ್ ಒಂದು ಬಾಗಿಲಿನ ಮನೆಯಾದರೆ, ಹೆಜ್ಜೇನು ಎಲ್ಲ ಕಿಟಕಿಗಳೂ ಬೀದಿಗೆ ತೆರೆದಿರುವ ಮನೆ. ಬೀದಿಯ ಗಾಳಿ ಹೇಗಿದೆಯೋ ಅದು ಹಾಗೆಯೇ ಒಳಗೆ ಬರುತ್ತದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದರ ಕೆಲಸವಿದೆ.

ಡಾಲ್ಫಿನ್ ನಮ್ಮಂತೆಯೇ ಬಿಸಿರಕ್ತದ ಪ್ರಾಣಿ. ನೀರು ಗಾಳಿಗಿಂತ ಬಹಳ ಬೇಗ ಮೈಬಿಸಿಯನ್ನು ಕಸಿದುಕೊಳ್ಳುವುದರಿಂದ ಚರ್ಮದ ಕೆಳಗಿನ ಕೊಬ್ಬಿನ ಪದರವೇ ಅದಕ್ಕೆ ಕಂಬಳಿ. ಕೀಟಗಳನ್ನು ಸಾಮಾನ್ಯವಾಗಿ ಶೀತರಕ್ತದವು ಎನ್ನುತ್ತೇವೆ. ಆದರೆ ಹೆಜ್ಜೇನಿನ ಗೂಡನ್ನು ಒಟ್ಟಾಗಿ ಒಂದು ಮೈ ಎಂದು ನೋಡಿದರೆ ಲೆಕ್ಕ ಬದಲಾಗುತ್ತದೆ. ಮರಿಗಳಿರುವ ಭಾಗವನ್ನು ನೊಣಗಳು 30ರಿಂದ 35 ಡಿಗ್ರಿ ಸೆಲ್ಷಿಯಸ್ ಆಸುಪಾಸಿನಲ್ಲಿ ಕಾಪಾಡುತ್ತವೆ. ಚಳಿಯಾದರೆ ಒತ್ತಾಗಿ ಕೂತು ಎದೆಯ ಸ್ನಾಯುಗಳನ್ನು ನಡುಗಿಸಿ ಬಿಸಿ ಹುಟ್ಟಿಸುತ್ತವೆ. ಸೆಕೆಯಾದರೆ ಪರದೆಯನ್ನು ಸಡಿಲಗೊಳಿಸಿ, ನೀರು ತಂದು ಆರಿಸುತ್ತವೆ. ಡಾಲ್ಫಿನ್ ಒಂಟಿಯಾಗಿ ಮಾಡುವುದನ್ನು ಜೇನು ಜೊತೆಗೂಡಿ ಮಾಡುತ್ತದೆ.

ನಿಲ್ಲಿಸಿದ ಕಾರುಗಳ ಮೇಲೆ ಬೀಳುವ ಹಳದಿ ಚುಕ್ಕೆಗಳೂ ಇದಕ್ಕೇ ಸಂಬಂಧಿಸಿದವು. ಹೆಜ್ಜೇನುಗಳು ಸಾವಿರಗಟ್ಟಲೆ ಒಟ್ಟಿಗೆ ಹಾರಿ ಮಲ ವಿಸರ್ಜಿಸುತ್ತವೆ. ಮೈಯ ಭಾರ ಇಳಿಸಿ ತಂಪಾಗುವ ಉಪಾಯವಿದು ಎಂದು ಕೆಲವು ವಿಜ್ಞಾನಿಗಳ ಅಭಿಪ್ರಾಯ. ಇದೇ ಚುಕ್ಕೆಗಳು ಒಮ್ಮೆ ಅಂತಾರಾಷ್ಟ್ರೀಯ ವಿವಾದಕ್ಕೆ ಕಾರಣವಾಗಿದ್ದವು. ಆಗ್ನೇಯ ಏಷ್ಯಾದಲ್ಲಿ ಬಿದ್ದ 'ಹಳದಿ ಮಳೆ' ಸೋವಿಯತ್ ಬೆಂಬಲದ ರಾಸಾಯನಿಕ ಅಸ್ತ್ರವೆಂದು 1981ರಲ್ಲಿ ಅಮೆರಿಕ ಆರೋಪಿಸಿತು. ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿದಾಗ ಆ ಹಳದಿ ಹನಿಗಳು ಜೇನುನೊಣಗಳ ಮಲವೆಂದು ಕಂಡುಬಂತು. ಕಾರು ಒರೆಸುವಾಗ ಸಿಡುಕುವವರು ಈ ಕಥೆಯನ್ನು ನೆನೆದು ನಗಬಹುದು.

ಮಾತು: ಶಿಳ್ಳೆ ಮತ್ತು ಕುಣಿತ

ಹೋಲಿಕೆ ಎಲ್ಲಕ್ಕಿಂತ ರಸವತ್ತಾಗುವುದು ಇಲ್ಲಿ. ಪ್ರಾಣಿಲೋಕದಲ್ಲಿ ಮನುಷ್ಯನ ಮಾತಿಗೆ ಹೋಲಿಸಬಲ್ಲ ಸಂವಹನ ಎಲ್ಲಿದೆ ಎಂಬ ಪ್ರಶ್ನೆಗೆ ವಿಜ್ಞಾನಿಗಳು ಮತ್ತೆ ಮತ್ತೆ ಉದಾಹರಿಸುವವುಗಳಲ್ಲಿ ಡಾಲ್ಫಿನ್ ಮತ್ತು ಜೇನು ಎರಡೂ ಇವೆ.

ಕಡಲಿನ ನೀರಿನಲ್ಲಿ ಬೆಳಕು ಬಹುದೂರ ಸಾಗದು. ಶಬ್ದ ಮಾತ್ರ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಾಗುತ್ತದೆ. ಆದ್ದರಿಂದ ಡಾಲ್ಫಿನ್ ಕಿವಿಯಿಂದ ನೋಡುತ್ತದೆ. ಮೂಗಿನ ಹಾದಿಯಲ್ಲಿ ಹುಟ್ಟಿಸಿದ ಟಿಕ್‌ಟಿಕ್ ಸದ್ದನ್ನು ಹಣೆಯೊಳಗಿನ ಕೊಬ್ಬಿನ ಗಡ್ಡೆಯ ಮೂಲಕ ಟಾರ್ಚ್ ಬೆಳಕಿನಂತೆ ಮುಂದಕ್ಕೆ ಬೀರುತ್ತದೆ. ಮೀನಿಗೆ ತಾಗಿ ಮರಳಿದ ಮಾರ್ದನಿಯನ್ನು ಕೆಳದವಡೆಯ ಮೂಲಕ ಒಳಕಿವಿಗೆ ಮುಟ್ಟಿಸಿಕೊಳ್ಳುತ್ತದೆ. ಮನುಷ್ಯನ ಕಿವಿಗೆ ಕೇಳುವ ಮಿತಿ 20 ಕಿಲೋಹರ್ಟ್ಸ್. ಡಾಲ್ಫಿನ್‌ಗಳ ಈ ಸದ್ದುಗಳು 100 ಕಿಲೋಹರ್ಟ್ಸ್ ದಾಟುತ್ತವೆ.

ತಮ್ಮತಮ್ಮಲ್ಲಿ ಬೆರೆಯಲು ಡಾಲ್ಫಿನ್‌ಗಳು ಶಿಳ್ಳೆಯನ್ನೂ ಬಳಸುತ್ತವೆ. ಬಾಟಲ್‌ಮೂತಿಯ ಡಾಲ್ಫಿನ್ ಎಂಬ ಪ್ರಭೇದದಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ಶಿಳ್ಳೆ ಇರುವುದನ್ನು 1965ರಲ್ಲಿಯೇ ಗುರುತಿಸಲಾಗಿತ್ತು. ತನ್ನ ಶಿಳ್ಳೆಯ ನಕಲನ್ನು ಕೇಳಿಸಿದರೆ ಆ ಡಾಲ್ಫಿನ್ ಓಗೊಡುತ್ತದೆ ಎಂಬುದನ್ನು 2013ರಲ್ಲಿ ಸ್ಕಾಟ್ಲೆಂಡ್‌ನ ಸಂಶೋಧಕರು ತೋರಿಸಿದರು. ಹೆಸರು ಹಿಡಿದು ಕರೆದಂತೆಯೇ ಇದು.

ಜೇನಿನ ಮಾತು ಬೇರೆ ಬಗೆಯದು. ಅದಕ್ಕೆ 'ಯಾರು' ಎಂಬುದು ಮುಖ್ಯವಲ್ಲ. 'ಎಲ್ಲಿ' ಎಂಬುದು ಮುಖ್ಯ. ಹೂವಿನ ರಾಶಿ ಕಂಡುಬಂದ ನೊಣ ಗೂಡಿಗೆ ಮರಳಿ, ಎರಿಯ ಮೇಲೆ ಹೊಟ್ಟೆಯನ್ನು ಎಡಬಲಕ್ಕೆ ಅಲ್ಲಾಡಿಸುತ್ತಾ ನೇರ ಗೆರೆಯಲ್ಲಿ ಓಡುತ್ತದೆ. ಸುತ್ತಿ ಬಂದು ಮತ್ತೆ ಓಡುತ್ತದೆ. ಗೆರೆ ನೇರ ಮೇಲಕ್ಕಿದ್ದರೆ ಹೂವು ಸೂರ್ಯನ ದಿಕ್ಕಿನಲ್ಲಿದೆ ಎಂದರ್ಥ. ಬಲಕ್ಕೆ 30 ಡಿಗ್ರಿ ಓರೆಯಾಗಿದ್ದರೆ ಸೂರ್ಯನ ದಿಕ್ಕಿನಿಂದ ಬಲಕ್ಕೆ ಅಷ್ಟೇ ಓರೆಯಾಗಿ ಹಾರಬೇಕು. ಓಟ ಎಷ್ಟು ಹೊತ್ತು ನಡೆಯಿತೋ ಅದರ ಮೇಲೆ ದೂರದ ಲೆಕ್ಕ. ಈ ಕುಣಿತದ ಅರ್ಥ ಬಿಡಿಸಿದ ಆಸ್ಟ್ರಿಯಾದ ಕಾರ್ಲ್ ಫಾನ್ ಫ್ರಿಶ್ ಅವರು 1973ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಶ್ರೀಲಂಕಾಕ್ಕೆ ಬಂದು ಹೆಜ್ಜೇನು ಸೇರಿದಂತೆ ಏಷ್ಯಾದ ಜೇನುಗಳ ಕುಣಿತವನ್ನು ಅಭ್ಯಾಸ ಮಾಡಿದರು.

ಎಲ್ಲ ಜೇನುಗಳ ಕುಣಿತವೂ ಒಂದೇ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳೂ ಸೇರಿದ್ದ ತಂಡವೊಂದು ತುಡುವೆ, ಕೋಲುಜೇನು, ಹೆಜ್ಜೇನುಗಳನ್ನು ಹೋಲಿಸಿ 2020ರಲ್ಲಿ ವರದಿ ಪ್ರಕಟಿಸಿತು. ಅದರಂತೆ ಒಂದೊಂದು ಜಾತಿಗೂ ತನ್ನದೇ 'ಆಡುನುಡಿ' ಇದೆ. ಹತ್ತಿರದಲ್ಲೇ ಸುತ್ತಾಡುವ ತುಡುವೆಗೆ ಸ್ವಲ್ಪ ದೂರಕ್ಕೂ ದೀರ್ಘ ಓಟ ಬೇಕು. ದೂರ ಹೋಗುವ ಹೆಜ್ಜೇನು ಅದೇ ದೂರವನ್ನು ಚುಟುಕಾಗಿ ಹೇಳಿ ಮುಗಿಸುತ್ತದೆ. ಧಾರವಾಡದ ಮಾತಿಗೂ ಮೈಸೂರಿನ ಮಾತಿಗೂ ಇರುವ ವ್ಯತ್ಯಾಸ ಬಲ್ಲ ಕನ್ನಡಿಗರಿಗೆ ಇದು ಆಶ್ಚರ್ಯ ತರಬೇಕಿಲ್ಲ.

ಮಿದುಳು ಮತ್ತು ನಿದ್ದೆ

ಬಾಟಲ್‌ಮೂತಿಯ ಡಾಲ್ಫಿನ್‌ನ ಮಿದುಳು ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ, ಮನುಷ್ಯನದಕ್ಕಿಂತ ತುಸು ಹೆಚ್ಚೇ. ಜೇನುನೊಣದ ಮಿದುಳು ಸಾಸಿವೆ ಕಾಳಿಗಿಂತಲೂ ಚಿಕ್ಕದು. ಅದರಲ್ಲಿರುವ ನರಕೋಶಗಳು ಸುಮಾರು 10 ಲಕ್ಷ. ದಿಕ್ಕು, ದೂರ, ಸೂರ್ಯನ ಚಲನೆ, ಹೂವಿನ ಬಣ್ಣ, ವಾಸನೆ, ಮನೆಯ ದಾರಿ ಎಲ್ಲವೂ ಅಷ್ಟರಲ್ಲೇ ಅಡಕ. ಮಿದುಳಿನ ಗಾತ್ರವನ್ನೇ ಬುದ್ಧಿಯ ಅಳತೆಗೋಲು ಮಾಡಿಕೊಂಡವರಿಗೆ ಜೇನು ಒಗಟಾಗಿಯೇ ಉಳಿದಿದೆ.

ನಿದ್ದೆಯಲ್ಲೂ ಎರಡಕ್ಕೂ ತಮ್ಮದೇ ದಾರಿ. ಪೂರ್ತಿ ನಿದ್ದೆ ಹೋದರೆ ಉಸಿರು ತಪ್ಪುವ ಡಾಲ್ಫಿನ್, ಮಿದುಳಿನ ಅರ್ಧವನ್ನು ಮಲಗಿಸಿ ಇನ್ನರ್ಧವನ್ನು ಎಚ್ಚರವಾಗಿಡುತ್ತದೆ. ಜೇನುನೊಣಗಳೂ ನಿದ್ದೆ ಮಾಡುತ್ತವೆ ಎಂಬುದನ್ನು ಜರ್ಮನಿಯ ವಾಲ್ಟರ್ ಕೈಸರ್ 1983ರಲ್ಲಿ ತೋರಿಸಿಕೊಟ್ಟರು. ಮೀಸೆಗಳು ಜೋಲುಬಿದ್ದು, ಮೈ ಸಡಿಲಗೊಂಡು ನಿದ್ರಿಸುತ್ತವೆ. ಆದರೆ ಹೆಜ್ಜೇನು ಬೆಳದಿಂಗಳ ರಾತ್ರಿಗಳಲ್ಲಿ ಹಾರಿ ಹೂವಿಗೆ ಹೋಗಬಲ್ಲದು. ದೀಪದ ಬೆಳಕಿಗೆ ಮನೆಯೊಳಗೆ ನುಗ್ಗಿ ಬರುವ ನೊಣಗಳು ದಾಳಿಗೆ ಬಂದವಲ್ಲ, ದಾರಿ ತಪ್ಪಿದವು.

ಸಂಸಾರ ಮತ್ತು ರಕ್ಷಣೆ

ಗೂನುಬೆನ್ನಿನ ಡಾಲ್ಫಿನ್ ಹತ್ತು ವರ್ಷದ ಆಸುಪಾಸಿನಲ್ಲಿ ತಾಯಿಯಾಗುತ್ತದೆ. ಒಂದು ಸಲಕ್ಕೆ ಒಂದೇ ಮರಿ. ಗರ್ಭಕಾಲ 10ರಿಂದ 12 ತಿಂಗಳು. ಹಾಲೂಡಿಸಿ, ಬೇಟೆ ಕಲಿಸಿ, ಮುಂದಿನ ಮರಿ ಹಾಕಲು ಸುಮಾರು ಮೂರು ವರ್ಷ ಹಿಡಿಯುತ್ತದೆ. ಆಯುಸ್ಸು 40 ವರ್ಷ ದಾಟಬಲ್ಲದು. ಒಂದು ತಾಯಿ ಬಲೆಗೆ ಬಲಿಯಾದರೆ ಆ ನಷ್ಟ ತುಂಬಲು ದಶಕ ಬೇಕು.

ಹೆಜ್ಜೇನಿನ ಗೂಡಿನಲ್ಲಿ ಮೊಟ್ಟೆಯಿಡುವುದು ರಾಣಿಯೊಂದೇ. ಉಳಿದ ಹೆಣ್ಣು ನೊಣಗಳು ದುಡಿಮೆಗೆ ಮೀಸಲು; ಅವುಗಳ ಬದುಕು ವಾರಗಳ, ಹೆಚ್ಚೆಂದರೆ ಕೆಲವು ತಿಂಗಳುಗಳ ಲೆಕ್ಕದ್ದು. ಆದರೆ ಗೂಡಿನ ನೆನಪಿಗೆ ಅಷ್ಟು ಅಲ್ಪಾಯುಸ್ಸಿಲ್ಲ. ಹೂವು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಹೆಜ್ಜೇನುಗಳು ಎರಿ ತೊರೆದು ನೂರಾರು ಕಿ.ಮೀ. ದೂರಕ್ಕೂ ವಲಸೆ ಹೋಗಬಲ್ಲವು. ಅದೇ ಗೂಡಿನವು ಮರುವರ್ಷ ಅದೇ ಕೊಂಬೆಗೆ, ಅದೇ ಸೂರಿಗೆ ಮರಳಿ ಬರುವುದುಂಟು ಎಂಬುದು ವಂಶವಾಹಿ ಪರೀಕ್ಷೆಗಳಿಂದ ಖಚಿತವಾಗಿದೆ. ಹೋದ ನೊಣಗಳಲ್ಲಿ ಹೆಚ್ಚಿನವು ಮರಳುವ ಹೊತ್ತಿಗೆ ಬದುಕಿರುವುದಿಲ್ಲ. ಆದರೂ ವಿಳಾಸ ತಪ್ಪುವುದಿಲ್ಲ.

ಶತ್ರು ಬಂದಾಗ ಹೆಜ್ಜೇನು ಮೊದಲು ಮಾಡುವುದು ಕಚ್ಚುವುದಲ್ಲ, ಎಚ್ಚರಿಸುವುದು. ಕಣಜ ಸುಳಿದರೆ ಪರದೆಯ ನೊಣಗಳು ಒಂದರ ಹಿಂದೊಂದು ಹೊಟ್ಟೆಯನ್ನು ಮೇಲೆತ್ತುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗೂಡಿನುದ್ದಕ್ಕೂ ಮಿರುಗುವ ಅಲೆ ಹಾದುಹೋಗುತ್ತದೆ. ಕಡಲಿಲ್ಲದ ಊರಿನಲ್ಲಿ ಅಲೆ ನೋಡಬೇಕೆನ್ನುವವರು ಇದನ್ನು ದೂರದಿಂದ, ದುರ್ಬೀನಿನಲ್ಲಿ ನೋಡಬಹುದು. ಎಚ್ಚರಿಕೆಗೂ ಬಗ್ಗದ ಶತ್ರುವಿಗೆ ಮಾತ್ರ ಕೊಂಡಿ. ಮನುಷ್ಯನ ಚರ್ಮದಲ್ಲಿ ಸಿಕ್ಕಿಕೊಂಡ ಕೊಂಡಿ ಮತ್ತೆ ಹೊರಬಾರದು. ಕಚ್ಚಿದ ನೊಣ ಸಾಯುತ್ತದೆ. ಡಾಲ್ಫಿನ್ ತನ್ನ ಮರಿಗಾಗಿ ಹೋರಾಡುತ್ತದೆ. ಹೆಜ್ಜೇನು ತನ್ನ ತಂಗಿಯರಿಗಾಗಿ ಪ್ರಾಣ ಕೊಡುತ್ತದೆ.

ಕಾನೂನಿನ ಕಣ್ಣಿನಲ್ಲಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಡಾಲ್ಫಿನ್‌ಗಳಿಗೆ ರಕ್ಷಣೆಯಿದೆ. ಅವನ್ನು ಬೇಟೆಯಾಡುವುದು ಅಪರಾಧ. ಗಂಗಾ ನದಿಯ ಡಾಲ್ಫಿನ್ 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿತವಾಯಿತು. ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಆಟವಾಡಿಸುವ ಕೇಂದ್ರಗಳಿಗೆ ಅನುಮತಿ ನೀಡಬಾರದೆಂದು ಕೇಂದ್ರ ಮೃಗಾಲಯ ಪ್ರಾಧಿಕಾರವು 2013ರಲ್ಲಿ ಸುತ್ತೋಲೆ ಹೊರಡಿಸಿತು. ಗೂನುಬೆನ್ನಿನ ಡಾಲ್ಫಿನ್ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅಳಿವಿನಂಚಿನ ಪ್ರಭೇದವೆಂದು ದಾಖಲಾಗಿದೆ.

ಅದೇ ಕಾಯ್ದೆಯ ಅನುಸೂಚಿಗಳಲ್ಲಿ ಹಲವು ಚಿಟ್ಟೆಗಳಿಗೆ ಸ್ಥಾನ ಸಿಕ್ಕಿದೆ, ಹೆಜ್ಜೇನಿಗೆ ಸಿಕ್ಕಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಮನುಷ್ಯನನ್ನು ಬಿಟ್ಟು ಉಳಿದೆಲ್ಲ ಜೀವಿಯೂ ಪ್ರಾಣಿಯೇ ಎಂದು ಹೇಳುತ್ತದೆ. ಆದರೆ ಹೆಜ್ಜೇನಿಗೆ ಔಷಧ ಹೊಡೆಯುವವನು ಆ ಮಾತನ್ನು ನೆನೆಯುವುದಿಲ್ಲ.

ರಕ್ಷಣೆಯ ಮಟ್ಟ ಎರಡಕ್ಕೂ ಒಂದೇ ಇರಬೇಕೆಂದು ಯಾರೂ ವಾದಿಸಲಾರರು. ಡಾಲ್ಫಿನ್ ನಿಧಾನವಾಗಿ ಹೆಚ್ಚುವ ಜೀವಿ. ಜೇನು ಬೇಗ ಹೆಚ್ಚುತ್ತದೆ. ಡಾಲ್ಫಿನ್ ಯಾರ ಮನೆಯ ಕಿಟಕಿಗೂ ಬಂದು ಕೂರುವುದಿಲ್ಲ, ಹೆಜ್ಜೇನು ಕೂರುತ್ತದೆ. ಕೆರಳಿದ ಹೆಜ್ಜೇನುಗಳ ದಾಳಿಯಿಂದ ಸಾವು ಸಂಭವಿಸಿರುವುದೂ ನಿಜ. ಮಕ್ಕಳು, ವೃದ್ಧರು ಇರುವ ಕಡೆ ಭಯ ಸಹಜ. ಪ್ರಶ್ನೆಯಿರುವುದು ಭಯದ ಬಗ್ಗೆ ಅಲ್ಲ. ಭಯಕ್ಕೆ ವಿಷವೊಂದೇ ಉತ್ತರವೇ ಎಂಬುದರ ಬಗ್ಗೆ.

ಹೆಜ್ಜೇನು ಹೋದರೆ ಹೋಗುವುದೇನು?

ಜಗತ್ತಿನ ಪ್ರಮುಖ ಆಹಾರ ಬೆಳೆಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಬೆಳೆಗಳು ಹೆಚ್ಚೋ ಕಡಿಮೆಯೋ ಪರಾಗಸ್ಪರ್ಶ ಮಾಡುವ ಪ್ರಾಣಿಗಳನ್ನು ನಂಬಿವೆ. ನಮ್ಮ ಮನೆಯ ಉದಾಹರಣೆಯನ್ನೇ ನೋಡೋಣ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಕೊಡಗಿನ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಹೂಮಳೆ ಬಿದ್ದ ಕೆಲವು ದಿನಗಳಲ್ಲಿ ತೋಟವಿಡೀ ಒಮ್ಮೆಲೇ ಬಿಳಿಯಾಗುತ್ತದೆ. ಒಂದೆರಡು ದಿನದಲ್ಲಿ ಹೂವು ಬಾಡುತ್ತದೆ. ಅಷ್ಟರೊಳಗೆ ಕೆಲಸ ಮುಗಿಸುವವರಲ್ಲಿ ಹೆಜ್ಜೇನೇ ಪ್ರಮುಖ ಎಂಬುದನ್ನು ಕೊಡಗಿನಲ್ಲಿ ನಡೆದ, 2012ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿದೆ. ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಗಂಟೆಗೊಮ್ಮೆ ಇಳಿಯುವ ಕಾಫಿಗೂ ಕಿಟಕಿಯಾಚೆ ತೂಗುವ ಗೂಡಿಗೂ ಹೀಗೊಂದು ನಂಟಿದೆ. ಜೇನುಕುರುಬರು, ಸೋಲಿಗರಂಥ ಸಮುದಾಯಗಳಿಗೆ ಹೆಜ್ಜೇನಿನ ತುಪ್ಪ ತಲೆಮಾರುಗಳ ಜೀವನಾಧಾರ.

ಇನ್ನೊಂದು ನಷ್ಟ ಮೇಲ್ನೋಟಕ್ಕೆ ಕಾಣದು. ಹೆಜ್ಜೇನಿನ ಮೈ ಬೀದಿಯ ಗಾಳಿಗೆ ತೆರೆದ ಮನೆ ಎಂದೆವಲ್ಲ; ಅದನ್ನೇ ಬೆಂಗಳೂರಿನ ವಿಜ್ಞಾನಿಗಳು ಪರೀಕ್ಷಿಸಿದರು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಗೀತಾ ತಿಮ್ಮೇಗೌಡ, ಶಾನನ್ ಓಲ್ಸನ್ ಮತ್ತು ಸಂಗಡಿಗರು ನಗರದ ಬೇರೆ ಬೇರೆ ಮಟ್ಟದ ಮಾಲಿನ್ಯವಿರುವ ತಾಣಗಳಲ್ಲಿ ಹೆಜ್ಜೇನುಗಳನ್ನು ಅಭ್ಯಾಸ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಲಿನ್ಯ ಹೆಚ್ಚಿದ ಕಡೆ ಹೂವಿಗೆ ಬರುವ ನೊಣಗಳು ಕಡಿಮೆ. ಅವುಗಳ ಹೃದಯಬಡಿತ, ರಕ್ತಕಣಗಳ ಸಂಖ್ಯೆ ಎಲ್ಲದರಲ್ಲೂ ಏರುಪೇರು. ಮಧ್ಯಮ ಮತ್ತು ಹೆಚ್ಚು ಮಾಲಿನ್ಯದ ತಾಣಗಳಿಂದ ಹಿಡಿದು ತಂದವುಗಳಲ್ಲಿ ಶೇ. 80ಕ್ಕೂ ಹೆಚ್ಚು ನೊಣಗಳು 24 ಗಂಟೆಯೊಳಗೆ ಸತ್ತವು.

ಡಾಲ್ಫಿನ್ ಕೂಡ ಇಂಥದೇ ಒಂದು ಮಾಪಕ. ದಡದ ಹತ್ತಿರವೇ ಬದುಕುವ ಕಾರಣ ನದಿಗಳು ಹೊತ್ತು ತರುವ ವಿಷ ಮೀನಿನ ಮೂಲಕ ಅದರ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ. ನೀರು ಕೆಟ್ಟಿದ್ದನ್ನು ಡಾಲ್ಫಿನ್ ಹೇಳುತ್ತದೆ. ಗಾಳಿ ಕೆಟ್ಟಿದ್ದನ್ನು ಹೆಜ್ಜೇನು ಹೇಳುತ್ತದೆ. ಕಡಲ ತಡಿಗೆ ಡಾಲ್ಫಿನ್‌ನ ಶವ ತೇಲಿಬಂದರೆ ಸುದ್ದಿಯಾಗುತ್ತದೆ, ಅರಣ್ಯ ಇಲಾಖೆಯವರು ಬಂದು ಪರೀಕ್ಷೆ ಮಾಡಿಸುತ್ತಾರೆ. ಬಾಲ್ಕನಿಯಲ್ಲಿ ಬೆಳಗ್ಗೆ ಬಿದ್ದಿರುವ ಸತ್ತ ನೊಣಗಳನ್ನು ಪೊರಕೆಯಿಂದ ಗುಡಿಸಲಾಗುತ್ತದೆ. ಅವು ಉಸಿರಾಡಿದ ಹೊಸೂರು ರಸ್ತೆಯ ಗಾಳಿಯನ್ನೇ ಗುಡಿಸಿದವರೂ ಉಸಿರಾಡುತ್ತಿರುತ್ತಾರೆ.

ಏನು ಮಾಡಬೇಕು?

ಹೆಜ್ಜೇನು ಕಟ್ಟಿದಾಗ: ಕಲ್ಲು ಹೊಡೆಯುವುದು, ಬೆಂಕಿ ಹಚ್ಚುವುದು, ಔಷಧ ಸಿಂಪಡಿಸುವುದು ಗೂಡನ್ನು ಕೆರಳಿಸುತ್ತದೆ, ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಗೂಡಿನ ಸಮೀಪದ ಕಿಟಕಿಗಳನ್ನು ಮುಚ್ಚಿ, ರಾತ್ರಿ ಆ ಬದಿಯ ದೀಪ ಆರಿಸಿ ಅಥವಾ ಪರದೆ ಎಳೆಯಿರಿ. ಜನ ಓಡಾಡದ ಎತ್ತರದಲ್ಲಿದ್ದರೆ ಹೂವಿನ ಕಾಲ ಮುಗಿಯುವವರೆಗೆ ಬಿಟ್ಟುಬಿಡುವುದೇ ಲೇಸು. ಅವು ತಾವಾಗಿ ಹೊರಡುತ್ತವೆ. ಹೊರಟ ಮೇಲೆ ಉಳಿದ ಮೇಣವನ್ನು ಕೆರೆದು ತೆಗೆದು, ಆ ಜಾಗಕ್ಕೆ ಜಾಲರಿ ಹಾಕಿದರೆ ಮರುವರ್ಷ ಬೇರೆಡೆ ನೋಡಿಕೊಳ್ಳುತ್ತವೆ. ತೆಗೆಯಲೇಬೇಕಾದ ಜಾಗದಲ್ಲಿದ್ದರೆ, ಕೊಲ್ಲದೆ ಸ್ಥಳಾಂತರಿಸಬಲ್ಲ ಅನುಭವಿಗಳನ್ನು ಕರೆಸಬೇಕು.

ದಾಳಿಯಾದಾಗ: ಕೈ ಬೀಸದೆ, ಮುಖ ಮುಚ್ಚಿಕೊಂಡು ಬೇಗನೆ ಮನೆಯೊಳಗೋ ವಾಹನದೊಳಗೋ ಸೇರಿ ಬಾಗಿಲು ಹಾಕಿಕೊಳ್ಳಿ. ಕೊಂಡಿಯನ್ನು ತಡಮಾಡದೆ ಕೆರೆದು ತೆಗೆಯಿರಿ. ಹಲವು ಕಡೆ ಕಚ್ಚಿದ್ದರೆ, ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ದಡದಲ್ಲಿ ಜೀವಂತ ಡಾಲ್ಫಿನ್ ಕಂಡಾಗ: ಕರಾವಳಿ ಪ್ರವಾಸ ಹೋದವರಿಗೆ ಇದು ಉಪಯೋಗವಾದೀತು. ಬಾಲ ಅಥವಾ ಈಜುರೆಕ್ಕೆ ಹಿಡಿದು ಎಳೆಯಬೇಡಿ. ಮೈಮೇಲೆ ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ. ನೆತ್ತಿಯ ರಂಧ್ರಕ್ಕೆ ನೀರು, ಮರಳು ಹೋಗದಂತೆ ನೋಡಿಕೊಳ್ಳಿ. ಜನಜಂಗುಳಿಯನ್ನು ದೂರವಿಟ್ಟು ಅರಣ್ಯ ಇಲಾಖೆಗೆ ತಿಳಿಸಿ.

ಒಂದೇ ನೋಟದಲ್ಲಿ

ವರ್ಗ: ಡಾಲ್ಫಿನ್ ಸಸ್ತನಿ; ಹೆಜ್ಜೇನು ಕೀಟ.

ಅಸ್ಥಿಪಂಜರ: ಡಾಲ್ಫಿನ್‌ಗೆ ಒಳಗೆ, ಮೂಳೆಯದು, ಹೆಜ್ಜೇನಿಗೆ ಹೊರಗೆ, ಕೈಟಿನ್ ಕವಚ.

ಉಸಿರು: ಡಾಲ್ಫಿನ್‌ಗೆ ನೆತ್ತಿಯ ಒಂದು ರಂಧ್ರ ಮತ್ತು ಶ್ವಾಸಕೋಶ, ಹೆಜ್ಜೇನಿಗೆ ಹತ್ತು ಜೊತೆ ರಂಧ್ರ ಮತ್ತು ಗಾಳಿಕೊಳವೆ.

ಆಹಾರ: ಡಾಲ್ಫಿನ್‌ಗೆ ಮೀನು ಮುಂತಾದವು, ಹೆಜ್ಜೇನಿಗೆ ಮಕರಂದ, ಪರಾಗ.

ಮಾತು: ಡಾಲ್ಫಿನ್‌ಗೆ ಶಿಳ್ಳೆ, ಮಾರ್ದನಿ, ಹೆಜ್ಜೇನಿಗೆ ಕುಣಿತ, ವಾಸನೆ.

ಸಂತಾನ: ಡಾಲ್ಫಿನ್‌ಗೆ ಸುಮಾರು ಮೂರು ವರ್ಷಕ್ಕೊಂದು ಮರಿ, ಹೆಜ್ಜೇನು ಗೂಡಿಗೆ ಒಂದು ರಾಣಿ, ಸಾವಿರಾರು ಮರಿ.

ಮುಖ್ಯ ಅಪಾಯ: ಡಾಲ್ಫಿನ್‌ಗೆ ಬಲೆ ಮತ್ತು ಕೆಟ್ಟ ನೀರು; ಹೆಜ್ಜೇನಿಗೆ ಕೀಟನಾಶಕ ಮತ್ತು ಕೆಟ್ಟ ಗಾಳಿ.

ಕಾನೂನು ರಕ್ಷಣೆ: ಡಾಲ್ಫಿನ್‌ಗೆ ವನ್ಯಜೀವಿ ಕಾಯ್ದೆಯದು ಇದೆ, ಹೆಜ್ಜೇನಿಗೆ ಇಲ್ಲ.

2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೊ ಸಿಂಗಸಂದ್ರದಲ್ಲೂ ನಿಲ್ಲುತ್ತದೆ. ಅದರ ಕಿಟಕಿ ಈಗ ಜನರನ್ನು ಹೆಜ್ಜೇನಿನ ಎತ್ತರಕ್ಕೆ ಒಯ್ದಿದೆ. ಮುಂದಿನ ಬಾರಿ ಯಾವುದಾದರೂ ಕಟ್ಟಡದ ಸೂರಿನಡಿ ಕಪ್ಪು ಅರ್ಧಚಂದ್ರವೊಂದು ಕಂಡರೆ, ಅಲ್ಲಿ ಸೂರ್ಯನ ದಿಕ್ಕು ಹಿಡಿದು ಹೊಂಗೆಮರದ ವಿಳಾಸ ಹೇಳುತ್ತಿರುವ ನೊಣವೊಂದಿದೆ ಎಂಬುದನ್ನು ನೆನೆಯಿರಿ. ಅದನ್ನು ನೋಡಲು ಟಿಕೆಟ್ ಬೇಡ, ಘಟ್ಟ ಇಳಿಯಬೇಕಾಗಿಲ್ಲ. ಅದು ಹೂವು ಮುಗಿಸಿ ಹೊರಡುವವರೆಗೆ ಕಾಯುವ ತಾಳ್ಮೆ ಇದ್ದರೆ ಸಾಕು.